ಮೂಡಲ್‌ನ ದಾರಿಗಳು: ಕಣ್ಣಿಗೆ ಬೀಳದ ತಿದ್ದುಪಡಿ

ಆನ್‌ಲೈನ್ ಕೋರ್ಸಿಗೆ ಲಾಗಿನ್ ಆದ ವಿದ್ಯಾರ್ಥಿನಿ ಪ್ರತಿ ಪುಟದಲ್ಲೂ ಮೂರು ಪ್ರಶ್ನೆಗಳಿಗೆ ಉತ್ತರ ಹುಡುಕುತ್ತಿರುತ್ತಾಳೆ: ನಾನೀಗ ಎಲ್ಲಿದ್ದೇನೆ, ಇಲ್ಲಿಂದ ಎಲ್ಲಿಗೆ ಹೋಗಬಹುದು, ಬಂದ ದಾರಿಯಲ್ಲಿ ಹಿಂದಿರುಗುವುದು ಹೇಗೆ. ಉತ್ತರ ಸಲೀಸಾಗಿ ಸಿಕ್ಕಿಬಿಟ್ಟರೆ ಪ್ರಶ್ನೆಗಳಿದ್ದವು ಎಂಬುದೇ ಅವಳ ಗಮನಕ್ಕೆ ಬರುವುದಿಲ್ಲ. ಸಿಗದೆ ಹೋದರೆ ರಾತ್ರಿ ಹನ್ನೊಂದೂಮುಕ್ಕಾಲಿಗೆ, ಅಸೈನ್‌ಮೆಂಟ್ ಸಲ್ಲಿಸಲು ಇನ್ನು ಹದಿನೈದೇ ನಿಮಿಷ ಉಳಿದಿರುವಾಗ, ಫೈಲ್ ಹಾಕುವ ಜಾಗ ಎಲ್ಲಿದೆಯೆಂದು ಮೆನುವಿನಿಂದ ಮೆನುವಿಗೆ ಅಲೆಯುತ್ತಾಳೆ. ಮೆನು, ಟ್ಯಾಬು, ಪುಟದ ನೆತ್ತಿಯಲ್ಲಿ ಕಾಣುವ ಲಿಂಕುಗಳ ಸಾಲು, ಇವೆಲ್ಲಕ್ಕೂ ಸೇರಿಸಿ ಸಾಫ್ಟ್‌ವೇರ್‌ನವರು ನ್ಯಾವಿಗೇಷನ್ ಎನ್ನುತ್ತಾರೆ. ನಾವು ಬಳಸುವವರು ಇದನ್ನು ಬಣ್ಣ ಮತ್ತು ಆಕಾರದ ವಿಷಯವೆಂದೇ ತಿಳಿಯುತ್ತೇವೆ. ಕಾಲೇಜಿನ ಕಲಿಕಾ ತಾಣ ಒಂದು ಬೆಳಿಗ್ಗೆ ಹೊಸ ರೂಪದಲ್ಲಿ ಕಂಡರೆ ಚೆನ್ನಾಗಿದೆ ಎಂದೋ, ಹಳೆಯದೇ ವಾಸಿಯಿತ್ತು ಎಂದೋ ಹೇಳಿ ಮಾತು ಮುಗಿಸುತ್ತೇವೆ. ಜಗತ್ತಿನಾದ್ಯಂತ ಶಾಲೆ, ಕಾಲೇಜು, ವಿಶ್ವವಿದ್ಯಾಲಯಗಳು ಬಳಸುವ ಮೂಡಲ್ ಎಂಬ ಕೋರ್ಸ್ ನಿರ್ವಹಣಾ ವ್ಯವಸ್ಥೆಯ ಒಳಗನ್ನು ನೋಡಿದವರಿಗೆ ಈ ತೀರ್ಪು ಸಾಲದು ಅನ್ನಿಸುತ್ತದೆ. ಅದರ ನ್ಯಾವಿಗೇಷನ್ ಹಲವು ಸಲ ಬದಲಾಗಿದೆ. ಆ ಬದಲಾವಣೆಗಳಲ್ಲಿ ಅತ್ಯಂತ ಮಹತ್ವದ್ದು ಬಳಕೆದಾರರ ಕಣ್ಣಿಗೆ ಬಿದ್ದದ್ದಲ್ಲ, ಒಳಗಿನ ಕೋಡ್‌ನಲ್ಲಿ 2010ರ ಹೊತ್ತಿಗೆ ನಡೆದದ್ದು. ಆಮೇಲೆ ಜನ ಮೆಚ್ಚಿದ ಅಥವಾ ಬೈದ ಪ್ರತಿಯೊಂದು ಹೊಸ ರೂಪವೂ ಅದರ ಮೇಲೆಯೇ ನಿಂತಿದೆ ಎಂಬುದು ಈ ಲೇಖನದ ವಾದ.

ಮೂಡಲ್ ಹುಟ್ಟಿದ್ದು ಆಸ್ಟ್ರೇಲಿಯಾದ ಪರ್ತ್ ನಗರದಲ್ಲಿ. ಅಲ್ಲಿನ ಕರ್ಟಿನ್ ವಿಶ್ವವಿದ್ಯಾಲಯದಲ್ಲಿ ವೆಬ್‌ಸಿಟಿ ಎಂಬ ವಾಣಿಜ್ಯ ಕೋರ್ಸ್ ವ್ಯವಸ್ಥೆಯನ್ನು ನೋಡಿಕೊಳ್ಳುತ್ತಿದ್ದ ಮಾರ್ಟಿನ್ ಡುಗಿಯಾಮಸ್, ಅದರ ಮಿತಿಗಳಿಂದ ಬೇಸತ್ತು ತಾವೇ ಬೇರೊಂದನ್ನು ಬರೆಯತೊಡಗಿದರು. ಮೊದಲ ಪೂರ್ಣ ಆವೃತ್ತಿ 1.0 ಹೊರಬಂದದ್ದು 2002ರ ಆಗಸ್ಟ್ 20ರಂದು. ಇದು ಪಿಎಚ್‌ಪಿ ಭಾಷೆಯಲ್ಲಿ ಬರೆದ ಮುಕ್ತ ತಂತ್ರಾಂಶ. ಯಾವ ಕಾಲೇಜು ಬೇಕಾದರೂ ಪುಕ್ಕಟೆಯಾಗಿ ತನ್ನ ಸರ್ವರಿನಲ್ಲಿ ಹಾಕಿಕೊಳ್ಳಬಹುದು, ಕೋಡ್ ತೆರೆದು ನೋಡಬಹುದು, ತಿದ್ದಬಹುದು, ಪ್ಲಗಿನ್ ಬರೆದು ಹೊಸ ಸೌಲಭ್ಯ ಸೇರಿಸಬಹುದು. ನಮ್ಮ ರಾಜ್ಯದ ಕಾಲೇಜುಗಳಲ್ಲೂ ಇದರ ಬಳಕೆಯಿದೆ, ಇದಕ್ಕೆ ಕನ್ನಡದ ಭಾಷಾ ಪ್ಯಾಕ್ ಕೂಡ ಇದೆ. ಕೋಡ್ ಎಲ್ಲರಿಗೂ ತೆರೆದಿರುವುದರಿಂದಲೇ ಇದರ ಒಳಗೆ ಏನಾಯಿತು ಎಂಬುದನ್ನು ಊಹೆಯಿಲ್ಲದೆ ಮಾತಾಡಲು ಸಾಧ್ಯ. ಯಾವ ಸಾಲು ಯಾವಾಗ ಬಂತು, ಯಾವುದು ಹೋಯಿತು ಎಂಬುದು ದಾಖಲಾಗಿದೆ.

ಮೊದಲ ವರ್ಷಗಳ ಮೂಡಲ್‌ನಲ್ಲಿ ದಾರಿ ತೋರಿಸುವ ಕೆಲಸವನ್ನು ಆಯಾ ಪುಟವೇ ಮಾಡಿಕೊಳ್ಳುತ್ತಿತ್ತು. ಚರ್ಚೆಯ ಫೋರಂ ಪುಟವನ್ನೇ ತೆಗೆದುಕೊಳ್ಳಿ. ಅದನ್ನು ತೋರಿಸುವ ಪಿಎಚ್‌ಪಿ ಕಡತದ ಆರಂಭದಲ್ಲೇ ಪ್ರೋಗ್ರಾಮರ್ ಒಂದು ಸಾಲನ್ನು ಕೈಯಾರೆ ಕಟ್ಟುತ್ತಿದ್ದರು: ಕೋರ್ಸಿನ ಚಿಕ್ಕ ಹೆಸರು ಮತ್ತು ಅದರ ಲಿಂಕು, ಬಾಣದ ಗುರುತಾಗಿ ಒಂದು ಅಡ್ಡಗೆರೆ ಮತ್ತು ದೊಡ್ಡದೆನ್ನುವ ಚಿಹ್ನೆ, ಆಮೇಲೆ ಫೋರಂಗಳು ಎಂಬ ಲಿಂಕು, ಮತ್ತೆ ಬಾಣ, ಕೊನೆಗೆ ಈ ಫೋರಮ್ಮಿನ ಹೆಸರು. ಎಲ್ಲವೂ ಎಚ್‌ಟಿಎಂಎಲ್ ತುಣುಕುಗಳನ್ನು ಒಂದಕ್ಕೊಂದು ಅಂಟಿಸಿದ ಅಕ್ಷರಮಾಲೆ. ಕ್ವಿಜ್ ಪುಟ ತೆರೆದರೆ ಅಲ್ಲಿಯೂ ಅದೇ ಸಾಲನ್ನು ಇನ್ನೊಮ್ಮೆ, ಇನ್ನೊಂದು ಕೈ ಬರೆದಿರುತ್ತಿತ್ತು. ಅಸೈನ್‌ಮೆಂಟ್, ವಿಕಿ, ಗ್ಲಾಸರಿ ಎಲ್ಲಕ್ಕೂ ಇದೇ ಪಾಡು. ಒಬ್ಬರು ಕೋರ್ಸಿನ ಪೂರ್ಣ ಹೆಸರು ಹಾಕಿದರೆ ಇನ್ನೊಬ್ಬರು ಚಿಕ್ಕ ಹೆಸರು ಹಾಕಿದರು, ಮತ್ತೊಬ್ಬರು ನಡುವಿನ ಮೆಟ್ಟಿಲನ್ನೇ ಬಿಟ್ಟರು. ಹೊರಗಿನವರು ಬರೆದ ಪ್ಲಗಿನ್‌ಗಳಲ್ಲಿ ಏನಿರುತ್ತದೆಂದು ಹೇಳಲು ಸಾಧ್ಯವೇ ಇರಲಿಲ್ಲ. ಬಾಣದ ಗುರುತನ್ನು ಬದಲಿಸೋಣ ಎಂಬಂಥ ಸಣ್ಣ ತೀರ್ಮಾನಕ್ಕೂ ಅಸಂಖ್ಯ ಕಡತಗಳನ್ನು ಮುಟ್ಟಬೇಕಿತ್ತು. ಮುಟ್ಟಿದ ಮೇಲೂ ಎಲ್ಲೋ ಒಂದು ಪುಟದಲ್ಲಿ ಹಳೆಯ ಬಾಣ ಉಳಿದೇ ಇರುತ್ತಿತ್ತು.

2008ರ ಮಾರ್ಚಿನಲ್ಲಿ ಬಂದ 1.9ನೆಯ ಆವೃತ್ತಿ ಅರ್ಧ ಹೆಜ್ಜೆ ಮುಂದಿಟ್ಟಿತು. ಪುಟಗಳು ಎಚ್‌ಟಿಎಂಎಲ್ ಅಂಟಿಸುವುದನ್ನು ಬಿಟ್ಟು ಲಿಂಕುಗಳ ಪಟ್ಟಿಯೊಂದನ್ನು ಸಾಮಾನ್ಯ ಫಂಕ್ಷನ್ನಿಗೆ ಒಪ್ಪಿಸುವ ಪದ್ಧತಿ ಬಂತು, ಬಾಣಗಳನ್ನು ಆ ಫಂಕ್ಷನ್ ಹಾಕಿಕೊಂಡಿತು. ಬರಹದ ಶೈಲಿ ಒಂದೇ ಆಯಿತು, ಆದರೆ ಮೂಲ ತೊಡಕು ಹಾಗೇ ಇತ್ತು. ತಾನು ಎಲ್ಲಿದ್ದೇನೆ, ತನ್ನ ಮೇಲೇನಿದೆ ಎಂದು ಹೇಳುವ ಹೊಣೆ ಇನ್ನೂ ಆಯಾ ಪುಟದ್ದೇ. ಹೊಲದ ಗಡಿ ಎಲ್ಲಿ ಎಂದು ಕೇಳಿದರೆ ಅಕ್ಕಪಕ್ಕದವರೆಲ್ಲ ತಮ್ಮ ತಮ್ಮ ನೆನಪಿನಿಂದ ಹೇಳುತ್ತಿದ್ದ ಸ್ಥಿತಿ ಅದು. ಎಲ್ಲರೂ ಒಪ್ಪಬೇಕಾದ ಪಹಣಿ ಎಂಬುದೊಂದು ಇರಲಿಲ್ಲ. ತಾಣದ ರಚನೆಯ ಕುರಿತ ತಿಳಿವಳಿಕೆ ತಾಣದ ತುಂಬ ಚೆಲ್ಲಿಹೋಗಿತ್ತು, ಇಡಿಯಾಗಿ ಯಾರ ಬಳಿಯೂ ಇರಲಿಲ್ಲ.

2010ರ ನವೆಂಬರ್ 24ರಂದು ಬಿಡುಗಡೆಯಾದ 2.0 ಈ ತೊಡಕಿಗೆ ಕೈಹಾಕಿತು. ನ್ಯಾವಿಗೇಷನ್‌ಲಿಬ್ ಎಂಬ ಹೊಸ ಕಡತ ಬಂತು. ಅದರಲ್ಲಿ ಇಡೀ ತಾಣವನ್ನು ಒಂದು ಮರದಂತೆ ಜೋಡಿಸುವ ಕೋಡ್ ಇದೆ. ಮರದ ಪ್ರತಿ ಗೆಣ್ಣನ್ನು ನೋಡ್ ಎನ್ನುತ್ತಾರೆ. ನೋಡ್‌ಗೆ ಒಂದು ಹೆಸರು, ಒಂದು ವಿಳಾಸ, ಒಂದು ಗುರುತಿನ ಕೀಲಿ, ಒಂದು ಬಗೆ ಇರುತ್ತದೆ. ಬಗೆಗಳನ್ನು ಸಂಖ್ಯೆಗಳಲ್ಲಿ ಗುರುತಿಸಲಾಗಿದೆ: ಕೋರ್ಸುಗಳ ವರ್ಗಕ್ಕೆ 10, ಕೋರ್ಸಿಗೆ 20, ಅದರೊಳಗಿನ ವಿಭಾಗಕ್ಕೆ 30, ವಿಭಾಗದೊಳಗಿನ ಚಟುವಟಿಕೆಗೆ 40. ಫೋರಂ, ಕ್ವಿಜ್ ಮುಂತಾದವು ಚಟುವಟಿಕೆಗಳು. ಮರ ಕಟ್ಟುವ ಕೋಡ್‌ಗೆ ಫೋರಂನ ಒಳಗಿನ ವಿವರ ಗೊತ್ತಿರಬೇಕಾಗಿಲ್ಲ. ಅದು ಫೋರಂನ ಕೋಡ್‌ಗೆ ನಿನ್ನ ಕೊಂಬೆಯನ್ನು ನೀನೇ ಬೆಳೆಸು ಎಂದು ಕರೆ ಕೊಡುತ್ತದೆ. ಹೊರಗಿನವರು ಬರೆದ ಪ್ಲಗಿನ್ ಕೂಡ ಗೊತ್ತಾದ ಹೆಸರಿನ ಒಂದು ಫಂಕ್ಷನ್ ಇಟ್ಟುಕೊಂಡರೆ ಸಾಕು, ಅದಕ್ಕೂ ಕರೆ ಹೋಗುತ್ತದೆ. ಹೀಗೆ ಒಂದೆಡೆ ಮರ, ಎಲ್ಲರಿಗೂ ಅದರಲ್ಲಿ ಪಾಲು ಎಂಬ ವ್ಯವಸ್ಥೆ ಬಂತು.

ಇದು ಕೆಲಸ ಮಾಡುವುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ವಿದ್ಯಾರ್ಥಿನಿ ಫೋರಂನಲ್ಲಿ ಒಂದು ಚರ್ಚೆಯನ್ನು ತೆರೆದಳು ಎನ್ನಿ. ಆ ಪುಟ ಈಗ ದಾರಿಯನ್ನು ವರ್ಣಿಸುವುದಿಲ್ಲ. ನನ್ನ ವಿಳಾಸ ಇದು, ನಾನು ಈ ಕೋರ್ಸಿನ ಈ ಚಟುವಟಿಕೆಗೆ ಸೇರಿದವನು ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ. ಮುಂದಿನ ಕೆಲಸ ಮರದ್ದು. ಅದು ತನ್ನ ನೋಡ್‌ಗಳ ವಿಳಾಸಗಳನ್ನು ಈ ಪುಟದ ವಿಳಾಸದೊಂದಿಗೆ ಹೋಲಿಸುತ್ತ ಹೋಗಿ, ತಾಳೆಯಾದದ್ದನ್ನು ಸಕ್ರಿಯ ಎಂದು ಗುರುತಿಸುತ್ತದೆ. ಅಲ್ಲಿಂದ ತಾಯಿ ನೋಡ್‌ಗೆ, ಅದರ ತಾಯಿಗೆ, ಹೀಗೆ ಬೇರಿನತನಕ ಹತ್ತಿ, ಹತ್ತಿದ ದಾರಿಯನ್ನು ತಿರುಗಿಸಿ ಬರೆದರೆ ಪುಟದ ನೆತ್ತಿಯ ಲಿಂಕುಗಳ ಸಾಲು ತಾನಾಗಿ ಸಿದ್ಧ. ಚರ್ಚೆಯ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಒಂದು ಫೋರಂನಲ್ಲಿ ನೂರಾರು ಚರ್ಚೆಗಳಿರಬಹುದು, ಎಲ್ಲವನ್ನೂ ಮೆನುವಿನಲ್ಲಿ ತೋರಿಸಲು ಆಗದು. ಆದ್ದರಿಂದ ಚರ್ಚೆಯ ಪುಟ ಮರದಲ್ಲಿ ತನ್ನ ಫೋರಂನ ನೋಡ್ ಹುಡುಕಿ, ಅದರ ಕೆಳಗೆ ತನ್ನ ಶೀರ್ಷಿಕೆಯನ್ನು ನೇತುಹಾಕಿ, ಇದನ್ನು ಮೆನುವಿನಲ್ಲಿ ಕಾಣಿಸಬೇಡ ಎಂಬ ಗುರುತನ್ನೂ ಹಾಕುತ್ತದೆ. ಮೆನು ಅಂಕೆ ಮೀರಿ ಉದ್ದವಾಗುವುದಿಲ್ಲ, ನೆತ್ತಿಯ ಸಾಲಿನಲ್ಲಿ ಮಾತ್ರ ಚರ್ಚೆಯ ಹೆಸರು ಸರಿಯಾಗಿ ಬರುತ್ತದೆ. ಇರುವುದು ಬೇರೆ, ತೋರಿಸುವುದು ಬೇರೆ ಎಂಬ ವಿವೇಕ ಆ ಒಂದು ಸಾಲಿನ ಕೋಡ್‌ನಲ್ಲಿದೆ. ಇದೇ ವಿವೇಕ ಹನ್ನೆರಡು ವರ್ಷಗಳ ನಂತರ ಇಡೀ ತಾಣಕ್ಕೆ ಅನ್ವಯವಾಯಿತು.

ಮರಕ್ಕೆ ಇನ್ನೂ ಒಂದು ತಿಳಿವಳಿಕೆ ಬೇಕು: ನೋಡುತ್ತಿರುವವರು ಯಾರು. ಒಂದೇ ಕ್ವಿಜ್ ಪುಟವನ್ನು ವಿದ್ಯಾರ್ಥಿಯೂ ಅಧ್ಯಾಪಕರೂ ತೆರೆಯುತ್ತಾರೆ. ಪ್ರಶ್ನೆಗಳನ್ನು ತಿದ್ದುವ ಲಿಂಕು, ಮುನ್ನೋಟದ ಲಿಂಕು, ಕಾಯಿಲೆಬಿದ್ದ ಒಬ್ಬ ವಿದ್ಯಾರ್ಥಿಗೆ ಮಾತ್ರ ಹೆಚ್ಚು ಸಮಯ ಕೊಡುವ ಲಿಂಕು, ಇವು ಆಯಾ ಅನುಮತಿ ಇದ್ದವರಿಗಷ್ಟೇ ಕಾಣಬೇಕು. ಒಂದೊಂದು ಲಿಂಕಿಗೂ ಒಂದೊಂದು ಅನುಮತಿಯನ್ನು ವಿಚಾರಿಸಿಯೇ ಕ್ವಿಜ್‌ನ ಕೋಡ್ ಮರಕ್ಕೆ ನೋಡ್ ಸೇರಿಸುತ್ತದೆ. ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಲಿಂಕನ್ನು ಮರೆಮಾಡುವುದು ಬಾಗಿಲಿಗೆ ಬೀಗ ಹಾಕಿದಂತಲ್ಲ. ವಿಳಾಸ ಗೊತ್ತಿದ್ದವರು ಅದನ್ನು ಬ್ರೌಸರಿನಲ್ಲಿ ನೇರವಾಗಿ ಟೈಪ್ ಮಾಡಬಹುದು. ಹಾಗಾಗಿ ತಿದ್ದುವ ಪುಟವೂ ತನ್ನ ಮಟ್ಟಿಗೆ ಲಾಗಿನ್ ಮತ್ತು ಅನುಮತಿಯನ್ನು ಮತ್ತೊಮ್ಮೆ ಪರೀಕ್ಷಿಸಲೇಬೇಕು, ಮೂಡಲ್‌ನಲ್ಲಿ ಪರೀಕ್ಷಿಸುತ್ತದೆ. ಸ್ವಂತವಾಗಿ ಪ್ಲಗಿನ್ ಬರೆಯುವ ಕಾಲೇಜಿನ ಹುಡುಗರು ಈ ವ್ಯತ್ಯಾಸವನ್ನು ಮೊದಲ ದಿನವೇ ಕಲಿಯಬೇಕು. ಮೆನುವಿನಲ್ಲಿ ಕಾಣುತ್ತಿಲ್ಲವಲ್ಲ ಎಂಬ ಭರವಸೆಯ ಮೇಲೆ ಅಂಕಪಟ್ಟಿಯನ್ನು ಬಿಡುವಂತಿಲ್ಲ.

ಈ ಹೊಸ ವ್ಯವಸ್ಥೆಯ ಮೇಲೆ ಬರುವ ಮೊದಲ ಆಕ್ಷೇಪ ತಾಂತ್ರಿಕವಾದದ್ದು, ಅದರಲ್ಲಿ ಹುರುಳಿದೆ. ಎಲ್ಲವನ್ನೂ ಒಂದೆಡೆ ತಂದರೆ ಭಾರವೂ ಒಂದೆಡೆ ಬೀಳುತ್ತದೆ. ಸಾವಿರಾರು ಕೋರ್ಸುಗಳಿರುವ ವಿಶ್ವವಿದ್ಯಾಲಯದಲ್ಲಿ ಪ್ರತಿ ಪುಟ ತೆರೆದಾಗಲೂ ಇಡೀ ಮರವನ್ನು ಕಟ್ಟಲು ಹೊರಟರೆ ಡೇಟಾಬೇಸ್ ಏದುಸಿರು ಬಿಡುತ್ತದೆ. ಹಳೆಯ ಪುಟ ತನಗೆ ಬೇಕಾದ ಮೂರು ಲಿಂಕು ಬರೆದು ಮುಗಿಸುತ್ತಿತ್ತು, ಅದು ಹಗುರವೇ ಅಲ್ಲವೆ? ಹೌದು, ಆ ಒಂದು ಪುಟದ ಮಟ್ಟಿಗೆ ಹಗುರ. ಆದರೆ ಮೂಡಲ್ ಇಡೀ ಮರವನ್ನು ಕಟ್ಟುವುದಿಲ್ಲ. ಬಳಕೆದಾರ ನಿಂತಿರುವ ಕೊಂಬೆಯನ್ನು ಮಾತ್ರ ಬೆಳೆಸುತ್ತದೆ. ಮುಚ್ಚಿದ ಕೊಂಬೆಯ ಮೇಲೆ ಕ್ಲಿಕ್ ಮಾಡಿದಾಗ ಬ್ರೌಸರು ಸರ್ವರಿನಿಂದ ಅದರ ಎಲೆಗಳನ್ನಷ್ಟೇ ಕೇಳಿ ತರುತ್ತದೆ. ಮೆನುವಿನಲ್ಲಿ ಎಷ್ಟು ಕೋರ್ಸು ತೋರಿಸಬೇಕು, ವರ್ಗಗಳನ್ನು ತೋರಿಸಬೇಕೇ ಬೇಡವೇ ಎಂಬುದಕ್ಕೆ ತಾಣದ ಅಡ್ಮಿನ್ ಮಿತಿ ಹಾಕಬಹುದು. ಈ ಉಪಾಯಗಳನ್ನೆಲ್ಲ ಅಳವಡಿಸಲು ಸಾಧ್ಯವಾದದ್ದೇ ಕೆಲಸ ಒಂದೆಡೆ ಇದ್ದದ್ದರಿಂದ. ಒಂದು ಜಾಗದ ನಿಧಾನವನ್ನು ಅಳೆಯಬಹುದು, ಸರಿಪಡಿಸಬಹುದು, ಸರಿಪಡಿಸಿದ್ದು ಎಲ್ಲ ಪುಟಗಳಿಗೂ ದಕ್ಕುತ್ತದೆ. ಊರ ತುಂಬ ಹರಡಿದ ನಿಧಾನವನ್ನು ಹಿಡಿಯುವುದೇ ಕಷ್ಟ.

ಎರಡನೆಯ ಆಕ್ಷೇಪ ಬಳಕೆದಾರರದ್ದು, ಅದು ಇದಕ್ಕಿಂತ ಗಟ್ಟಿಯಾದದ್ದು. 2.0 ಬಂದಾಗ ಜನರಿಗೆ ಕಂಡದ್ದು ಒಳಗಿನ ಅಚ್ಚುಕಟ್ಟಲ್ಲ. ಪುಟದ ಪಕ್ಕದಲ್ಲಿ ಎರಡು ಉದ್ದನೆಯ ಬ್ಲಾಕುಗಳು ಕಂಡವು: ಒಂದು ನ್ಯಾವಿಗೇಷನ್, ಇನ್ನೊಂದು ಸೆಟ್ಟಿಂಗ್ಸ್. ಮರವನ್ನು ಇದ್ದಂತೆಯೇ ತಂದು ತೆರೆಯ ಮೇಲೆ ಹರಡಿದ್ದರು. ಕೊಂಬೆಯೊಳಗೆ ಕೊಂಬೆ, ಅದರೊಳಗೆ ಇನ್ನೊಂದು, ಪ್ರತಿಯೊಂದಕ್ಕೂ ತೆರೆಯುವ ಪುಟ್ಟ ಗುರುತು. ಅದೇ ಹೊತ್ತಿಗೆ ಹಳೆಯ ಆವೃತ್ತಿಗಳಲ್ಲಿದ್ದ ಒಂದು ಅನುಕೂಲ ಮಾಯವಾಯಿತು. ಚಟುವಟಿಕೆಯ ಪುಟದ ಮೇಲ್ತುದಿಯಲ್ಲಿ ಹಿಂದಿನದು, ಮುಂದಿನದು ಎಂಬ ಬಾಣಗಳೂ, ಕೋರ್ಸಿನ ಯಾವ ಚಟುವಟಿಕೆಗಾದರೂ ನೇರ ಜಿಗಿಯುವ ಪಟ್ಟಿಯೂ ಇದ್ದವು. ಪಾಠಗಳನ್ನು ಒಂದಾದ ಮೇಲೊಂದು ಓದುವ ವಿದ್ಯಾರ್ಥಿಗೆ ಅದಕ್ಕಿಂತ ಬೇಕಾದದ್ದು ಬೇರೆ ಇರಲಿಲ್ಲ. ಅದು ಮೂಡಲ್‌ಗೆ ಮರಳಿದ್ದು 2017ರ ನವೆಂಬರಿನ 3.4ನೆಯ ಆವೃತ್ತಿಯಲ್ಲಿ, ಏಳು ವರ್ಷಗಳ ನಂತರ. ಇದನ್ನು ಸಮರ್ಥಿಸಲು ನಾನು ಸಿದ್ಧನಿಲ್ಲ. ಕೋಡ್‌ಗೆ ಇಡೀ ರಚನೆ ಗೊತ್ತಿರಬೇಕು ಎಂಬುದರಿಂದ ವಿದ್ಯಾರ್ಥಿಗೂ ಇಡೀ ರಚನೆಯನ್ನು ತೋರಿಸಬೇಕು ಎಂಬ ತೀರ್ಮಾನ ಹೊರಡುವುದಿಲ್ಲ. ಮರ ಇರುವುದು ಯಂತ್ರಕ್ಕಾಗಿ. ವಿದ್ಯಾರ್ಥಿಗೆ ಬೇಕಾದದ್ದು ಅದರ ಒಂದೆರಡು ಎಲೆ.

ಆದರೆ ಈ ಆಕ್ಷೇಪ ನಾಟುವುದು ಎಲ್ಲಿಗೆ ಎಂದು ನೋಡಬೇಕು. ಅದು ತೋರಿಸಿದ ಬಗೆಯನ್ನು ತಪ್ಪೆನ್ನುತ್ತದೆ, ತಿಳಿವಳಿಕೆಯನ್ನು ಒಂದೆಡೆ ತಂದದ್ದನ್ನಲ್ಲ. ತೋರಿಸುವ ಬಗೆಯನ್ನು ತಿದ್ದಲು ಮೂಡಲ್ ಎರಡು ದೊಡ್ಡ ಪ್ರಯತ್ನ ಮಾಡಿತು. 2016ರ ಡಿಸೆಂಬರಿನ 3.2ರಲ್ಲಿ ಬೂಸ್ಟ್ ಎಂಬ ಹೊಸ ಥೀಮ್ ಬಂತು. ಎರಡೂ ಬ್ಲಾಕುಗಳನ್ನು ತೆಗೆದು ಎಡಗಡೆ ಎಳೆದು ತೆರೆಯುವ ಡ್ರಾಯರ್ ಇಟ್ಟರು, ಸೆಟ್ಟಿಂಗುಗಳನ್ನು ಹಲ್ಲಿನ ಚಕ್ರದ ಐಕಾನಿನ ಹಿಂದೆ ಸರಿಸಿದರು. ಮೊಬೈಲಿನಲ್ಲಿ ಇದು ನಿಜಕ್ಕೂ ಸುಧಾರಣೆ. ಅಧ್ಯಾಪಕರಿಗೆ ಮಾತ್ರ ಬೇಕಾದದ್ದೆಲ್ಲ ಆ ಚಕ್ರದೊಳಗೆ ಹುದುಗಿದಂತಾಯಿತು. ಹಳೆಯ ಬ್ಲಾಕುಗಳೇ ಬೇಕೆನ್ನುವವರಿಗಾಗಿ 2019ರ 3.7ರಲ್ಲಿ ಕ್ಲಾಸಿಕ್ ಎಂಬ ಥೀಮನ್ನೂ ಕೊಟ್ಟರು. ಒಂದೇ ಮರಕ್ಕೆ ಎರಡು ರೂಪ ಒಟ್ಟೊಟ್ಟಿಗೆ ಇರಲು ಸಾಧ್ಯವಾಯಿತು ಎಂಬುದನ್ನು ಗಮನಿಸಿದರೆ ಸಾಕು, ಆ ಹಂತದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ.

2022ರ ಏಪ್ರಿಲಿನ 4.0 ಆವೃತ್ತಿ ನನ್ನ ವಾದಕ್ಕೆ ಬಲವಾದ ಸಾಕ್ಷಿ. ಹೊರಗಿನಿಂದ ನೋಡಿದರೆ ಎಲ್ಲವೂ ಹೊಸತು. ತಾಣದ ಮೇಲ್ಪಟ್ಟಿಯಲ್ಲಿ ಮುಖಪುಟ, ಡ್ಯಾಶ್‌ಬೋರ್ಡ್, ನನ್ನ ಕೋರ್ಸುಗಳು ಎಂಬ ಸ್ಥಿರವಾದ ಲಿಂಕುಗಳು. ಕೋರ್ಸಿನೊಳಗೆ ಹೋದರೆ ಕೆಳಗೆ ಇನ್ನೊಂದು ಟ್ಯಾಬುಗಳ ಸಾಲು: ಕೋರ್ಸ್, ಸೆಟ್ಟಿಂಗ್ಸ್, ಭಾಗವಹಿಸುವವರು, ಅಂಕಗಳು, ವರದಿಗಳು. ಎಡಗಡೆ ಕೋರ್ಸಿನ ಪರಿವಿಡಿ, ಪಾಠದಿಂದ ಪಾಠಕ್ಕೆ ದಾಟುವ ಕೆಲಸವನ್ನು ಈಗ ಅದೇ ನೋಡಿಕೊಳ್ಳುತ್ತದೆ. ಒಳಗೆ ನೋಡಿದರೆ ಈ ಟ್ಯಾಬುಗಳು ಹೊಸದಾಗಿ ಎಲ್ಲಿಂದಲೋ ಬಂದವಲ್ಲ. ಎರಡನೆಯ ಸಾಲನ್ನು ಕಟ್ಟುವ ಕೋಡ್‌ನಲ್ಲಿ ಒಂದು ಪಟ್ಟಿಯಿದೆ. ಹಳೆಯ ಸೆಟ್ಟಿಂಗ್ಸ್ ಮರದಲ್ಲಿ ಕೋರ್ಸ್ ತಿದ್ದುವ ಕೀಲಿಯುಳ್ಳ ನೋಡ್ ಹುಡುಕು, ಅದಕ್ಕೆ 0 ಎಂಬ ಸ್ಥಾನ ಕೊಡು. ಭಾಗವಹಿಸುವವರ ನೋಡ್‌ಗೆ 1, ಅಂಕಗಳಿಗೆ 2, ವರದಿಗಳಿಗೆ 3. ಅಂಕಪುಸ್ತಕದ ಸೆಟಪ್‌ಗೆ 2.1 ಎಂದಿದ್ದರೆ ಅದು ಅಂಕಗಳ ಕೆಳಗೆ ಸೇರಬೇಕಾದದ್ದು ಎಂದರ್ಥ. ಅಂದರೆ 2010ರ ಮರದಿಂದ ಎಲೆಗಳನ್ನು ಆರಿಸಿ, ಎಣಿಸಿ, ಟ್ಯಾಬುಗಳಾಗಿ ಜೋಡಿಸಿದ್ದಾರೆ. ಟ್ಯಾಬುಗಳು ಐದು ದಾಟಿದರೆ ಉಳಿದವು ಇನ್ನಷ್ಟು ಎಂಬ ಮೆನುವಿಗೆ ಸರಿಯುತ್ತವೆ. ನೆತ್ತಿಯ ಲಿಂಕುಗಳ ಸಾಲಿನ ಕಥೆಯೂ ಹೀಗೆಯೇ. ಬೂಸ್ಟ್ ಥೀಮಿನಲ್ಲಿ ಒಂದು ಪುಟ್ಟ ಕಡತ ಹಳೆಯ ಮರ ಕೊಟ್ಟ ಪೂರ್ಣ ಸಾಲನ್ನು ತೆಗೆದುಕೊಂಡು, ಟ್ಯಾಬಿನಲ್ಲಿ ಆಗಲೇ ಕಾಣುತ್ತಿರುವುದನ್ನೂ ಎರಡೆರಡು ಸಲ ಬಂದದ್ದನ್ನೂ ಕಿತ್ತು ಉಳಿದದ್ದನ್ನು ತೋರಿಸುತ್ತದೆ. ಅನುಮತಿಯ ವಿಚಾರಣೆಯೂ ಹಳೆಯದೇ. ಮೂಡಲ್ ತನ್ನ ಇಪ್ಪತ್ತು ವರ್ಷಗಳಲ್ಲಿ ಕಂಡ ಅತಿ ದೊಡ್ಡ ರೂಪಾಂತರಗಳಲ್ಲಿ ಒಂದು ಇದು. ಆದರೂ ಕ್ವಿಜ್‌ನಲ್ಲಿ ಯಾರು ಏನು ಮಾಡಬಹುದು ಎಂಬುದನ್ನು ಯಾರೂ ಹೊಸದಾಗಿ ಬರೆಯಬೇಕಾಗಲಿಲ್ಲ. 1.8ರ ಕಾಲದ ಅಂಟಿಸಿದ ಅಕ್ಷರಮಾಲೆಗಳ ಮೇಲೆ ಇಂಥದೊಂದನ್ನು ಮಾಡಲು ಹೊರಟಿದ್ದರೆ ಪ್ರತಿ ಪುಟವನ್ನೂ ಮತ್ತೆ ಬರೆಯಬೇಕಿತ್ತು.

ಟ್ಯಾಬುಗಳ ವಿಷಯದಲ್ಲಿ ಕನ್ನಡದ ಬಳಕೆದಾರರಿಗೆ ಸಂಬಂಧಿಸಿದ ಒಂದು ವಿವರವಿದೆ. ತೆರೆಯ ಅಗಲ ಸಾಲದಿದ್ದರೂ ಟ್ಯಾಬುಗಳು ಇನ್ನಷ್ಟು ಎಂಬ ಮೆನುವಿನೊಳಗೆ ಹೋಗುತ್ತವೆ. ಈ ಲೆಕ್ಕವನ್ನು ಬ್ರೌಸರಿನಲ್ಲಿ ಓಡುವ ಕೋಡ್ ಮಾಡುತ್ತದೆ, ಹೆಸರು ಉದ್ದವಾದಷ್ಟೂ ಟ್ಯಾಬು ಬೇಗ ಮರೆಯಾಗುತ್ತದೆ. ಕನ್ನಡದಲ್ಲಿ ಭಾಗವಹಿಸುವವರು ಎಂಬ ಒಂದೇ ಪದ ಫೋನಿನ ತೆರೆಯ ಗಣನೀಯ ಪಾಲನ್ನು ನುಂಗುತ್ತದೆ. ಹೀಗಾಗಿ ಇಂಗ್ಲಿಷಿನಲ್ಲಿ ನೋಡುವ ಸಹಪಾಠಿಗೆ ನೇರ ಕಾಣುವ ಅಂಕಗಳ ಟ್ಯಾಬು ಕನ್ನಡದಲ್ಲಿ ನೋಡುವವಳಿಗೆ ಒಂದು ಕ್ಲಿಕ್ ದೂರವಾಗಬಹುದು. ಇದಕ್ಕೆ ಕೋಡ್ ತಿದ್ದುವುದು ಬೇಕಾಗಿಲ್ಲ, ಭಾಷಾ ಪ್ಯಾಕ್ ತಯಾರಿಸುವವರು ಟ್ಯಾಬಿನ ಹೆಸರುಗಳನ್ನು ಚಿಕ್ಕದಾಗಿ, ಆಡುಮಾತಿಗೆ ಹತ್ತಿರವಾಗಿ ಇಟ್ಟರೆ ಸಾಕು. ಅನುವಾದ ಮಾಡುವವರು ಪದದ ಅರ್ಥದ ಜೊತೆಗೆ ಅದು ಕೂರುವ ಜಾಗವನ್ನೂ ನೋಡಬೇಕಾದ ಕೆಲಸ ಇದು.

ಹುಡುಕುವ ಪೆಟ್ಟಿಗೆಯೊಂದಿದ್ದರೆ ಇಷ್ಟೆಲ್ಲ ಮೆನು ಯಾಕೆ ಎಂದು ಕೇಳುವವರಿದ್ದಾರೆ. ಮೂಡಲ್‌ಗೆ 2016ರ 3.1ನೆಯ ಆವೃತ್ತಿಯಲ್ಲಿ ಇಡೀ ತಾಣದಲ್ಲಿ ಹುಡುಕುವ ಸೌಲಭ್ಯ ಬಂತು, ಅದು ಉಪಯುಕ್ತವೂ ಹೌದು. ಆದರೆ ಹುಡುಕಲು ಹೆಸರು ಗೊತ್ತಿರಬೇಕು. ಮೊದಲ ಸೆಮಿಸ್ಟರಿನ ವಿದ್ಯಾರ್ಥಿಗೆ ತನ್ನ ಕೋರ್ಸಿನಲ್ಲಿ ಗ್ಲಾಸರಿ ಎಂಬುದೊಂದು ಇದೆಯೆಂದೇ ಗೊತ್ತಿಲ್ಲದಿರುವಾಗ ಅದನ್ನು ಹುಡುಕುವ ಮಾತೆಲ್ಲಿ ಬಂತು? ಏನೇನಿದೆ ಎಂದು ಹೇಳುವ ಕೆಲಸ ಮೆನುವಿನದು. ಕಣ್ಣು ಕಾಣದವರಿಗಂತೂ ಇದರ ಬೆಲೆ ಇನ್ನೂ ಹೆಚ್ಚು. ಸ್ಕ್ರೀನ್ ರೀಡರ್ ಪುಟವನ್ನು ಮೇಲಿನಿಂದ ಕೆಳಕ್ಕೆ ಓದಿ ಹೇಳುತ್ತದೆ. ಪ್ರತಿ ಪುಟದಲ್ಲೂ ಲಿಂಕುಗಳ ಕ್ರಮ ಒಂದೇ ಆಗಿದ್ದರೆ, ಈಗ ನಿಂತಿರುವ ಟ್ಯಾಬು ಯಾವುದೆಂಬ ಗುರುತು ಕೋಡ್‌ನಲ್ಲೇ ಇದ್ದರೆ, ಮೆನುವನ್ನು ಹಾರಿ ಮುಖ್ಯ ವಿಷಯಕ್ಕೆ ಹೋಗುವ ಲಿಂಕು ಮೊದಲೇ ಸಿಕ್ಕರೆ, ಕೇಳಿಸಿಕೊಳ್ಳುವವರು ತಾಣವನ್ನು ಮನಸ್ಸಿನಲ್ಲಿ ಕಟ್ಟಿಕೊಳ್ಳಬಲ್ಲರು. ಪುಟಕ್ಕೊಂದು ಪದ್ಧತಿಯಿದ್ದ ಕಾಲದಲ್ಲಿ ಈ ಭರವಸೆಯನ್ನು ಯಾರೂ ಕೊಡುವಂತಿರಲಿಲ್ಲ.

ಇನ್ನು ಬದಲಾವಣೆಯ ಖರ್ಚು. ಮೆನು ಬದಲಾದಾಗಲೆಲ್ಲ ಕಾಲೇಜುಗಳ ಕೈಪಿಡಿಗಳ ಚಿತ್ರಗಳು ಹಳತಾಗುತ್ತವೆ, ತರಬೇತಿ ಕೊಡುವವರು ಮೊದಲಿನಿಂದ ಶುರುಮಾಡಬೇಕು, ಪ್ಲಗಿನ್ ಬರೆದವರು ರಾತ್ರಿ ಕೂತು ತಿದ್ದಬೇಕು. ವರ್ಷಗಟ್ಟಲೆ ಒಂದೇ ಜಾಗದಲ್ಲಿ ಕ್ಲಿಕ್ ಮಾಡಿ ರೂಢಿಯಾದ ಅಧ್ಯಾಪಕರ ಕೈ ಖಾಲಿ ಜಾಗಕ್ಕೆ ಹೋಗಿ ನಿಲ್ಲುತ್ತದೆ. ಇದನ್ನು ಹೊಸತಿಗೆ ಒಗ್ಗದವರ ಗೊಣಗಾಟ ಎಂದು ತಳ್ಳಿಹಾಕುವುದು ಅನ್ಯಾಯ, ಆ ರೂಢಿ ಅವರ ದುಡಿಮೆಯ ಭಾಗ. ಪ್ರೋಗ್ರಾಮರುಗಳ ಮಟ್ಟಿಗೆ ಮೂಡಲ್ ಒಂದು ಒಳ್ಳೆಯ ಶಿಸ್ತನ್ನು ಇಟ್ಟುಕೊಂಡಿದೆ. ಹಳೆಯ ಫಂಕ್ಷನ್ ಒಂದನ್ನು ಕೈಬಿಡುವಾಗ ಅದನ್ನು ಒಮ್ಮೆಗೇ ಅಳಿಸುವುದಿಲ್ಲ. ಕೆಲವು ಆವೃತ್ತಿಗಳ ಕಾಲ ಅದು ಕೆಲಸ ಮಾಡುತ್ತಲೇ, ನನ್ನನ್ನು ಇನ್ನು ಬಳಸಬೇಡಿ ಎಂಬ ಎಚ್ಚರಿಕೆ ಕೊಡುತ್ತಿರುತ್ತದೆ, ಆಮೇಲೆ ಹೋಗುತ್ತದೆ. ಅಧ್ಯಾಪಕರಿಗೆ ಇಂಥ ಮೆತ್ತನೆಯ ದಾಟುವಿಕೆ ಸಿಕ್ಕಿಲ್ಲ. ಕ್ಲಾಸಿಕ್ ಥೀಮು ಆ ದಿಕ್ಕಿನ ಪ್ರಯತ್ನ, ಆದರೆ ಅದು ಇಡೀ ತಾಣಕ್ಕೆ ಅನ್ವಯವಾಗುವ ಆಯ್ಕೆಯೆಂದೇ ಹೆಚ್ಚಿನ ಕಡೆ ಬಳಕೆಯಾಗುತ್ತದೆ. ನಮ್ಮ ಕಾಲೇಜುಗಳು ಮಾಡಬಹುದಾದದ್ದು ಒಂದಿದೆ: ಹೊಸ ಆವೃತ್ತಿಯನ್ನು ಪರೀಕ್ಷಾ ಸರ್ವರಿನಲ್ಲಿ ಹಾಕಿ, ಅಡ್ಮಿನ್ ಆಗಿ ನೋಡಿ ಸಮಾಧಾನಪಡದೆ, ಒಬ್ಬ ವಿದ್ಯಾರ್ಥಿಯನ್ನೂ ಒಬ್ಬ ಅಧ್ಯಾಪಕರನ್ನೂ ಕೂರಿಸಿ, ಕಳೆದ ವಾರದ ಅಸೈನ್‌ಮೆಂಟಿನ ಅಂಕ ಎಲ್ಲಿದೆ ತೋರಿಸಿ ಎಂದು ಕೇಳುವುದು. ಅಡ್ಮಿನ್‌ಗೆ ಕಾಣುವ ಮರವೇ ಬೇರೆ, ವಿದ್ಯಾರ್ಥಿಗೆ ಕಾಣುವುದೇ ಬೇರೆ.

ದಾರಿಯ ತಿಳಿವಳಿಕೆ ಒಂದೆಡೆ ಇರಬೇಕು ಎಂಬ ಪಾಠವನ್ನು ಮೂಡಲ್‌ನ ಸ್ವಯಂಚಾಲಿತ ಪರೀಕ್ಷೆಗಳೂ ಕಷ್ಟಪಟ್ಟು ಕಲಿತಿವೆ. 2013ರ 2.5ರಿಂದ ಮೂಡಲ್ ಬೀಹ್ಯಾಟ್ ಎಂಬ ಸಾಧನ ಬಳಸುತ್ತದೆ. ಅದು ಮನುಷ್ಯರಂತೆಯೇ ಬ್ರೌಸರಿನಲ್ಲಿ ಲಿಂಕು ಒತ್ತುತ್ತ ಹೋಗಿ ಫಲಿತಾಂಶ ನೋಡುತ್ತದೆ. ಆರಂಭದ ಪರೀಕ್ಷೆಗಳಲ್ಲಿ ಈ ಬ್ಲಾಕಿನ ಈ ಕೊಂಬೆ ತೆರೆ, ಅದರ ಈ ಲಿಂಕು ಒತ್ತು ಎಂದು ದಾರಿಯನ್ನು ಹೆಜ್ಜೆಹೆಜ್ಜೆಯಾಗಿ ಬರೆದಿದ್ದರು. ಬೂಸ್ಟ್ ಬಂದು ಬ್ಲಾಕುಗಳೇ ಇಲ್ಲವಾದಾಗ ಆ ದಾರಿಗಳು ಮುರಿದವು. ಆಗ ಈಗಿನ ಪುಟದ ಆಡಳಿತದಲ್ಲಿ ಇಂಥ ಕಡೆಗೆ ಹೋಗು ಎಂದಷ್ಟೇ ಹೇಳುವ ಹೊಸ ನಿರ್ದೇಶನ ತಂದರು, ಹೋಗುವ ಬಗೆಯನ್ನು ಥೀಮಿಗೆ ತಕ್ಕಂತೆ ಒಂದೇ ಕಡೆ ಬರೆದರು. ಆಮೇಲೆ ಇಂಥ ಕೋರ್ಸಿನ ಪುಟದಲ್ಲಿದ್ದೇನೆ ಎಂದು ನೇರವಾಗಿ ಹೇಳುವ ನಿರ್ದೇಶನವೂ ಬಂತು. ಪುಟಗಳಲ್ಲಿ ಹರಡಿದ್ದ ದಾರಿಯನ್ನು ಒಂದೆಡೆ ತಂದ ತಿದ್ದುಪಡಿಯೇ ಪರೀಕ್ಷೆಗಳಲ್ಲೂ ನಡೆಯಿತು, ಕಾರಣವೂ ಅದೇ.

ಮರದ ಮೇಲಿನ ಕೆಲಸ ಈಗಲೂ ಮುಗಿದಿಲ್ಲ. ಕೋರ್ಸಿನೊಳಗೆ ವಿಭಾಗ, ವಿಭಾಗದೊಳಗೆ ಚಟುವಟಿಕೆ, 20, 30, 40 ಎಂಬ ಇಳಿಜಾರು ಹುಟ್ಟಿದಂದಿನಿಂದ ಅದರ ತಳಹದಿ. ಆದರೆ ಅಧ್ಯಾಪಕರು ವಿಭಾಗದೊಳಗೆ ಉಪವಿಭಾಗ ಬೇಕೆಂದು ಬಹುಕಾಲದಿಂದ ಕೇಳುತ್ತಿದ್ದರು. ಒಂದು ಘಟಕ, ಅದರಡಿ ನಾಲ್ಕು ಪಾಠ ಎಂಬುದು ಯಾವ ಪಠ್ಯಪುಸ್ತಕದಲ್ಲೂ ಇರುವ ಸಾಮಾನ್ಯ ಜೋಡಣೆ ತಾನೆ. 2024ರ ಅಕ್ಟೋಬರಿನ 4.5 ಅದನ್ನು ಕೊಟ್ಟಿತು, ಕೊಟ್ಟ ರೀತಿಯಲ್ಲಿ ಒಂದು ತಿರುವಿದೆ. ಉಪವಿಭಾಗವನ್ನು ಅವರು ಒಂದು ಚಟುವಟಿಕೆಯಾಗಿಯೇ ಬರೆದರು. ಆ ಚಟುವಟಿಕೆ ತನ್ನದೇ ಒಂದು ವಿಭಾಗವನ್ನು ಹೊತ್ತಿರುತ್ತದೆ, ಆ ವಿಭಾಗದೊಳಗೆ ಮತ್ತೆ ಫೋರಂ, ಕ್ವಿಜ್ ಇರುತ್ತವೆ. ಹೀಗೆ 40ರ ಕೆಳಗೆ 30, ಅದರ ಕೆಳಗೆ ಪುನಃ 40 ಬಂದು ಕೂತಿತು. ಮೇಲಿನಿಂದ ಕೆಳಕ್ಕೆ ಸಂಖ್ಯೆ ಏರುತ್ತಲೇ ಹೋಗುತ್ತದೆ ಎಂದು ನಂಬಿ ಬರೆದ ಪ್ಲಗಿನ್‌ಗಳು, ಚಟುವಟಿಕೆಯ ತಾಯಿ ಯಾವಾಗಲೂ ಕೋರ್ಸಿನ ನೇರ ಮಗುವೇ ಎಂದು ಊಹಿಸಿದ ಥೀಮುಗಳು ಈಗ ತಮ್ಮ ಸಾಲುಗಳನ್ನು ಮರುಪರಿಶೀಲಿಸಬೇಕಾಗಿದೆ. ಸ್ವಂತ ಥೀಮು, ಸ್ವಂತ ಪ್ಲಗಿನ್ ಇಟ್ಟುಕೊಂಡ ಯಾವುದೇ ಕಾಲೇಜು 4.5ಕ್ಕೆ ಏರುವ ಮೊದಲು ಒಂದು ಉಪವಿಭಾಗ ಮಾಡಿ, ಅದರೊಳಗೊಂದು ಕ್ವಿಜ್ ಇಟ್ಟು, ವಿದ್ಯಾರ್ಥಿಯ ಲಾಗಿನ್‌ನಲ್ಲಿ ತೆರೆದು, ನೆತ್ತಿಯ ಸಾಲಿನಲ್ಲಿ ಉಪವಿಭಾಗದ ಹೆಸರು ಬರುತ್ತದೆಯೇ ಎಂದು ನೋಡುವುದು ಒಳ್ಳೆಯದು.